ಮಲಗಿದ್ರ ಆರಾಮ ಆಗ್ತದ

ಜೂನ್ ೨೩, ೨೦೨೪, ಭಾನುವಾರ. ಲೇಹ್

ಮರಿಲಿಂಗ ಊರಿಗೆ ಹೋಗಿ ತಿಂಗಳಾಯಿತು. ಗಂಡ ಮನೆಯಲ್ಲಿಲ್ಲದಿದ್ದರೆ ನೆಮ್ಮದಿಯಾಗಿ ದಿನಚರಿ ಬರೆಯಬಹುದು. ಇದ್ದರೆ ಭುಜದ ಮೇಲಿಂದ ಇಣುಕಿ, ‘ನನ್ನ ಬಗ್ಗಿ ಏನ್ ಬರದಿ?’ ಎಂದು ತಲೆ ತಿನ್ನುತ್ತಾನೆ. ಅತ್ತೆ ದುರಗಮ್ಮನ ಕಣ್ಣಿನ ಪೊರೆ ತೆಗೆಸಲು ಸುರಪುರಕ್ಕೆ ಹೋದವನು ಇನ್ನು ಮೂರ್ನಾಲ್ಕು ದಿನಗಳಲ್ಲಿ ಬರುತ್ತಾನೆ. ಅಲ್ಲಿ ಮಳೆ ಸರಿಯಾಗಿ ಹಿಡಿದಿಲ್ಲವಂತೆ, ಬಂಡೆಗಳು ಸಂಜೆಯಾದರೂ ಕಾದೇ ಇರುತ್ತವಂತೆ. ಇಲ್ಲಿ ನಾನು ಜೂನಿನಲ್ಲೂ ಸ್ವೆಟರ್ ಹಾಕಿಕೊಂಡು ಕೂತಿದ್ದೇನೆ.

ನಾವು ಇಲ್ಲಿಗೆ ಬಂದು ಒಂದೂವರೆ ವರ್ಷ. ಅವನು ಸೋಲಾರ್ ಗುತ್ತಿಗೆದಾರನ ಹತ್ತಿರ ಎಲೆಕ್ಟ್ರಿಷಿಯನ್, ನಾನು ಪರ್ವತ ಹತ್ತುವವರಿಗೆ ಬೂಟು, ಹಗ್ಗ, ಮಂಜುಕೊಡಲಿ ಬಾಡಿಗೆ ಕೊಡುವ ಅಂಗಡಿಯಲ್ಲಿ. ಬಂದ ಹೊಸದರಲ್ಲಿ ಅಂಗಡಿಯ ಮೆಟ್ಟಿಲು ಹತ್ತಿದರೂ ಎದೆ ಬಡಿದುಕೊಳ್ಳುತ್ತಿತ್ತು. ಈಗ ಅದೇ ಮೆಟ್ಟಿಲನ್ನು ಗ್ಯಾಸ್ ಸಿಲಿಂಡರ್ ಹೊತ್ತು ಹತ್ತುತ್ತೇನೆ. ಸುರಪುರದ ಗುಡ್ಡದಲ್ಲಿ ಲಂಗ ಎತ್ತಿ ಕಟ್ಟಿ ಬಂಡೆ ಏರಿ ಅಪ್ಪನ ಕೈಯಲ್ಲಿ ಹೊಡೆತ ತಿಂದವಳು ನಾನು. ಆರು ಸಾವಿರ ಮೀಟರ್ ದಾಟಿದ ಒಂದು ಶಿಖರವನ್ನಾದರೂ ಹತ್ತಲೇಬೇಕು. ಹೋದ ಸೆಪ್ಟೆಂಬರಿನಲ್ಲಿ ತುದಿ ಕಣ್ಣಿಗೆ ಕಾಣುತ್ತಿದ್ದಾಗ ಗಾಳಿ ಎದ್ದು ವಾಪಸ್ ಬಂದೆವು. ಆ ತುದಿ ಈಗಲೂ ಕನಸಿನಲ್ಲಿ ಬರುತ್ತದೆ. ಮರಿಲಿಂಗ ಕನಸಿನಲ್ಲಿ ಬರುವುದಿಲ್ಲ, ಪಾಪ.

ಜೂನ್ ೨೮, ಶುಕ್ರವಾರ

ನಿನ್ನೆ ಬಂದ. ಚೀಲದ ತುಂಬ ಕಟಕಟಿ ರೊಟ್ಟಿ, ಶೇಂಗಾ ಚಟ್ನಿ, ಕೆಳಗೆ ಒಂದು ಗಂಟು ಉಳ್ಳಾಗಡ್ಡಿ.

‘ನಿಮ್ಮತ್ತಿ ಕಳಸ್ಯಾಳ ನೋಡು’ ಎಂದು ನಕ್ಕ. ‘ಅಲ್ಲಿ ಸೂರ್ಯ ಬಾಜೂಕ ಇರ್ತಾನ, ಬಿಸಿಲು ಹತ್ತಿದ್ರ ಬೇಕಾಗ್ತದ ಅಂದ್ಳು.’

ಲೇಹ್‌ನಲ್ಲಿ ಉಳ್ಳಾಗಡ್ಡಿ ಸಿಗುವುದಿಲ್ಲವೆಂದು ತಿಳಿದಿದ್ದಾರೆ ಅತ್ತೆ. ನಕ್ಕೂ ನಕ್ಕೂ ಸಾಕಾಯಿತು.

ಸಂಜೆ ಸ್ಟಾಂಜಿನ್ ಬಂದಿದ್ದ. ಇಲ್ಲಿನವನೇ, ನಮ್ಮ ಅಂಗಡಿಯಿಂದಲೇ ಸಾಮಾನು ಒಯ್ಯುವ ಗೈಡು, ನನ್ನನ್ನು ಅಕ್ಕ ಎನ್ನುತ್ತಾನೆ. ಸುರಪುರದ ಓಣಿಯಲ್ಲಿ ಆಡುವ ಉರ್ದು ಬಂದರೆ ಇಲ್ಲಿನ ಹಿಂದಿಗೆ ಧಾರಾಳ ಸಾಕು, ಮಾತಿಗೆ ತೊಂದರೆಯಿಲ್ಲ. ಮರಿಲಿಂಗನನ್ನು ಮೇಲಿಂದ ಕೆಳಗೆ ನೋಡಿ ಅಂದ: ‘ಸೋಮವಾರ ಶಿಖರಕ್ಕೆ ಹೊರಡುವ ನಮ್ಮ ತಂಡದಲ್ಲಿ ಅಣ್ಣ ಬರುವುದು ಬೇಡ. ತಿಂಗಳು ಕೆಳಗಿದ್ದು ಬಂದಿದ್ದಾನೆ. ಹತ್ತು ದಿನ ಇಲ್ಲೇ ಇರಲಿ, ಆಗಸ್ಟ್ ತಂಡದಲ್ಲಿ ಕರೆದೊಯ್ಯುತ್ತೇನೆ.’

ಆಗಸ್ಟಿನಲ್ಲಿ ನನಗೆ ರಜೆ ಎಲ್ಲಿ? ಒಬ್ಬಳೇ ಹೋಗುತ್ತೇನೆ ಎಂದರೆ ಮರಿಲಿಂಗ ಮುಖ ಸಣ್ಣ ಮಾಡುತ್ತಾನೆ. ವರ್ಷವಿಡೀ ಇಲ್ಲೇ ಇದ್ದವನು, ಒಂದು ತಿಂಗಳಲ್ಲಿ ಮೈ ಈ ಎತ್ತರವನ್ನು ಮರೆತುಬಿಡುತ್ತದೆಯೇ ಎಂದು ನಾನೇ ವಾದಿಸಿದೆ.

‘ಮರೆಯುತ್ತದೆ ಅಕ್ಕ’ ಎಂದ ಸ್ಟಾಂಜಿನ್.

‘ಏ, ನಾ ಆರಾಮ ಅದೀನಿ’ ಎಂದು ಮರಿಲಿಂಗ ಎದೆ ತಟ್ಟಿಕೊಂಡ.

ಕೊನೆಗೆ ಸ್ಟಾಂಜಿನ್ ಒಪ್ಪಿದ, ಒಂದು ಕರಾರಿನ ಮೇಲೆ. ತಲೆನೋವು, ವಾಂತಿ ಏನು ಬಂದರೂ ತನಗೆ ಹೇಳಬೇಕು, ಮುಚ್ಚಿಡಬಾರದು. ಅವನಿಗೆ ನಮ್ಮೂರು ಗೊತ್ತಿಲ್ಲ. ನಮ್ಮ ಕಡೆ ಹೇಗಿದ್ದೀ ಎಂದರೆ ಮೈ ಸುಡುವ ಜ್ವರವಿದ್ದವನೂ ಆರಾಮ ಅನ್ನುತ್ತಾನೆ. ಕೂತು, ಚಹಾ ಕುಡಿದು, ಹೊರಡಲು ಎದ್ದಾಗ ಜ್ವರದ ಮಾತು ತೆಗೆಯುತ್ತಾನೆ.

ಜುಲೈ ೨, ಮಂಗಳವಾರ. ಕೆಳ ಶಿಬಿರ

ನಾನು, ಮರಿಲಿಂಗ, ಪುಣೆಯ ಇಬ್ಬರು ಹುಡುಗರು, ಸ್ಟಾಂಜಿನ್, ಅವನ ಅಡುಗೆಯವನು. ಅಡುಗೆಯವನು ಇಲ್ಲೇ ಉಳಿಯುತ್ತಾನೆ. ದಾರಿಯುದ್ದಕ್ಕೂ ಮರಿಲಿಂಗ ಅತ್ತೆಯ ಹೊಸ ಕಣ್ಣಿನ ಕತೆ ಹೇಳಿ ಎಲ್ಲರನ್ನೂ ನಗಿಸಿದ. ಪಟ್ಟಿ ಬಿಚ್ಚಿದ ಕೂಡಲೇ ಅವರು ಅಂದರಂತೆ, ‘ಏ ಮರ್ಯಾ, ಇಷ್ಟ್ ಕರ್ರಗ ಯಾವಾಗ ಆದಿ?’

ರಾತ್ರಿ ಅರ್ಧ ರೊಟ್ಟಿ ತಿಂದು ಕೈ ತೊಳೆದ. ನನ್ನ ಕಣ್ಣು ಮಾತ್ರ ಮೇಲಿತ್ತು. ಶಿಖರ ಅಲ್ಲೇ ಇದೆ, ಹೋದ ವರ್ಷ ನೋಡಿದ ಹಾಗೆಯೇ.

ಜುಲೈ ೩, ಬುಧವಾರ. ಮೇಲಿನ ಶಿಬಿರ

ಹಿಮದ ಮೇಲಿನ ಬಿಸಿಲು ಎಂದರೇನೆಂದು ಶಹಾಪುರದ ಮೇ ತಿಂಗಳು ಕಂಡವರಿಗೂ ಗೊತ್ತಿರಲಾರದು. ಮೇಲಿಂದಲೂ ಬಡಿಯುತ್ತದೆ, ಕೆಳಗಿನಿಂದಲೂ ಬಡಿಯುತ್ತದೆ. ಮರಿಲಿಂಗ ಟೋಪಿ ತೆಗೆದು ಜೇಬಿಗೆ ತುರುಕಿ ನಡೆದಿದ್ದ, ಬೇಡವೆಂದರೂ ಕೇಳಲಿಲ್ಲ. ಡೇರೆಗೆ ಬರುವಷ್ಟರಲ್ಲಿ ತಲೆ ಸಿಡಿಯುತ್ತಿದೆ ಎಂದ. ಎರಡು ಸಲ ಕಾರಿಕೊಂಡ.

‘ಬಿಸಿಲು ಹತ್ತ್ಯದ’ ಎಂದೆ.

‘ಹತ್ತ್ಯದ’ ಎಂದು ಅವನೂ ಒಪ್ಪಿದ.

ಅತ್ತೆಯ ಉಳ್ಳಾಗಡ್ಡಿಗೆ ಕೊನೆಗೂ ಕೆಲಸ ಬಂತು. ಜಜ್ಜಿ ಅಂಗಾಲಿಗೆ, ಎದೆಗೆ ತಿಕ್ಕಿದೆ. ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದೆ. ಡೇರೆಯೆಲ್ಲ ಉಳ್ಳಾಗಡ್ಡಿ ನಾತ. ಬಿಸಿಲು ಹತ್ತಿದವರಿಗೆ ಊರಲ್ಲಿ ಮಾಡುವುದೇ ಇಷ್ಟು, ನೆರಳಿಗೆ ಹಾಕಿ ಅಲುಗಾಡದಂತೆ ಮಲಗಿಸುವುದು. ‘ಮಲ್ಕೋ, ಮಲಗಿದ್ರ ಆರಾಮ ಆಗ್ತದ’ ಎಂದೆ.

ಒಂದು ತಮಾಷೆ. ಚಳಿ ಎಂದು ಕೈಗವಸು ಕೇಳಿದ. ಕೊಟ್ಟರೆ ಅದನ್ನು ಕಾಲಿಗೆ ಹಾಕಿಕೊಳ್ಳಲು ಹೆಣಗುತ್ತಿದ್ದಾನೆ! ಐದು ಬೆರಳಿನ ಗವಸಿನೊಳಗೆ ಪಾದ ತುರುಕುತ್ತಿದ್ದಾನೆ. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಅವನು ನಗಲಿಲ್ಲ. ನಾಳೆ ಕೆಳಗಿಳಿದ ಮೇಲೆ ಎಲ್ಲರ ಮುಂದೆ ಹೇಳಿ ಅವನ ಮಾನ ಕಳೆಯುತ್ತೇನೆ.

ಆಕಾಶ ತಿಳಿಯಾಗಿದೆ. ಗಾಳಿ ಇಲ್ಲ.

ಜುಲೈ ೪, ಗುರುವಾರ

ಹತ್ತಿದೆ. ತುದಿಯಲ್ಲಿ ನಿಂತೆ.

ಈಗ ಬರೆಯಲಾಗುತ್ತಿಲ್ಲ.

ಜುಲೈ ೭, ಭಾನುವಾರ. ಲೇಹ್

ಮರಿಲಿಂಗ ಹೋಗಿಬಿಟ್ಟ.

ಆದದ್ದನ್ನು ಆದಂತೆ ಬರೆಯುತ್ತೇನೆ, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ. ಬುಧವಾರ ಸಂಜೆ ಸ್ಟಾಂಜಿನ್ ಡೇರೆಯ ಹೊರಗೆ ನಿಂತು ಕೇಳಿದ, ಅಣ್ಣ ಹೇಗಿದ್ದಾನೆ? ಮರಿಲಿಂಗ ಒಳಗಿನಿಂದ ‘ಆರಾಮ’ ಎಂದ. ತಲೆನೋವು, ವಾಂತಿ ಏನಾದರೂ? ಎಂದು ಸ್ಟಾಂಜಿನ್ ನನ್ನನ್ನು ಕೇಳಿದ. ಏನೂ ಇಲ್ಲ, ದಣಿದಿದ್ದಾನೆ ಅಷ್ಟೆ ಎಂದೆ. ಹೇಳಿದ್ದರೆ ಎಲ್ಲರನ್ನೂ ಇಳಿಸುತ್ತಿದ್ದ. ಅದು ನನಗೆ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ನಸುಕಿನಲ್ಲಿ ಹೊರಡುವಾಗ ಮರಿಲಿಂಗ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಲಿಲ್ಲ, ಕಂಬಳಿ ಹೊದಿಸಿ ಹೋದೆ.

ಇಳಿದು ಬಂದಾಗಲೂ ಅದೇ ಗೊರಕೆ. ಸ್ಟಾಂಜಿನ್ ಕೂಗಿದ, ಕೆನ್ನೆಗೆ ಹೊಡೆದ, ಏಳಲಿಲ್ಲ. ಕೂಡಲೇ ಚಾಪೆಗೆ ಕಟ್ಟಿ, ಪುಣೆಯ ಹುಡುಗರನ್ನು ಕರೆದುಕೊಂಡು ಹಿಮದ ಮೇಲೆ ಎಳೆಯತೊಡಗಿದ. ನಾನು ಅಡ್ಡ ನಿಂತೆ. ‘ಮಲಗಲಿ, ಎಳೆದಾಡಬೇಡಿ’ ಎಂದು ಚೀರಿದೆ. ಸ್ಟಾಂಜಿನ್ ನನ್ನನ್ನು ತಳ್ಳಿ ಮುಂದೆ ಹೋದ. ಕೆಳ ಶಿಬಿರ ಕಾಣಿಸುವ ಹೊತ್ತಿಗೆ ಗೊರಕೆ ನಿಂತಿತ್ತು.

ಮಿದುಳಿನಲ್ಲಿ ನೀರು ತುಂಬಿತ್ತು, ಎತ್ತರದಲ್ಲಿ ಹೀಗಾಗುತ್ತದೆ ಎಂದರು ಡಾಕ್ಟರು. ಬುಧವಾರ ಸಂಜೆಯೇ ಕೆಳಗಿಳಿಸಿದ್ದರೆ ಬದುಕುತ್ತಿದ್ದ ಎಂದೂ ಹೇಳಿದರು.

ನಾನೇ ಮಲಗಿಸಿದೆ. ಮಲಗಿಸಿ ಮೇಲೆ ಹೋದೆ.

ಜುಲೈ ೧೦, ಬುಧವಾರ. ಸುರಪುರ

ಮಣ್ಣು ಮಾಡಿದೆವು. ಸೆಕೆ. ಉಸಿರಿಗೆ ಗಾಳಿ ಹೆಚ್ಚಾದಂತೆ ಅನಿಸುತ್ತದೆ, ಮೈಗೆ ಸೇರುವುದಿಲ್ಲ.

ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು. ಬಿಸಿಲು ಹತ್ತಿತ್ತು, ವಾಂತಿಯಾಯಿತು, ನೀವು ಕಳಿಸಿದ ಉಳ್ಳಾಗಡ್ಡಿ ತಿಕ್ಕಿ ಮಲಗಿಸಿದೆ ಎಂದೆ. ಮುಂದಿನದನ್ನು ಹೇಳಲು ಬಾಯಿ ತೆರೆದೆ. ಆಗ ಭಾವ ದೇವಿಂದ್ರಪ್ಪ, ‘ಮತ್ತ ಹಗ್ಗಾ ಕಟ್ಟಿ ಎಳ್ಕೊಂಡು ಬಂದಾರಂತಲ್ಲ, ಯಾರವರು?’ ಎಂದರು. ಅವರು ಹುಣಸಗಿ ಬಸ್ಸಿನ ಕಂಡಕ್ಟರು, ಪುಣೆಯ ಹುಡುಗರ ಹತ್ತಿರ ಫೋನಿನಲ್ಲಿ ಎಲ್ಲ ವಿಚಾರಿಸಿದ್ದಾರೆ.

ಗೈಡು ಎಂದೆ.

ಅತ್ತೆ ಎದೆಗೆ ಹೊಡೆದುಕೊಂಡರು. ‘ಬಿಸಿಲು ಹತ್ತಿದವ್ನಿಗಿ ಯಾರರೆ ಎಳದಾಡ್ತಾರೇನ? ಮಲಗಿದ್ರ ಎದ್ದು ಕುಂದರ್ತಿದ್ದ ನನ್ ಮಗ. ಎಳದು ಕೊಂದಾನ!’ ಆಮೇಲೆ ನನ್ನ ತಲೆಯನ್ನು ಎದೆಗೊತ್ತಿಕೊಂಡರು. ‘ನೀ ಮಲಗ್ಸಿದ್ದಿ. ನೀ ಬರೋಬ್ಬರಿ ಮಾಡಿದ್ದಿ, ತಂಗಿ.’

ಉಳಿದದ್ದನ್ನು ಆ ಹೊತ್ತಿನಲ್ಲಿ ಹೇಳುವುದಾದರೂ ಹೇಗೆ?

ಜುಲೈ ೧೮, ಗುರುವಾರ

ಸ್ಟಾಂಜಿನ್ ಮೂರು ಸಲ ಫೋನು ಮಾಡಿದ್ದ. ಎತ್ತಲಿಲ್ಲ.

ದೇವಿಂದ್ರಪ್ಪ ಲೇಹ್‌ಗೆ ದೂರು ಕಳಿಸಿದ್ದಾರೆ. ಅಲ್ಲಿನ ಒಬ್ಬ ಅಧಿಕಾರಿ ನನಗೆ ಫೋನು ಮಾಡಿ, ನಿಮ್ಮ ಗಂಡನನ್ನು ಎಳೆದದ್ದು ನಿಜವೇ ಎಂದ. ನಿಜ ಎಂದೆ. ನೀವು ಬೇಡವೆಂದಿರಾ? ಬೇಡವೆಂದೆ. ಅವನು ಕೇಳಿದ್ದು ಅಷ್ಟೇ, ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ಮರಿಲಿಂಗನೂ ಬಿಸಿಲು ಹತ್ತಿದೆ ಎಂದೇ ಅಂದಿದ್ದ. ಅವನು ಮಲಗಬೇಕೆಂದು ಇಬ್ಬರೂ ಸೇರಿಯೇ ತೀರ್ಮಾನಿಸಿದ್ದು. ಅವನ ಅಂಗಿಗೆ ಇನ್ನೂ ಉಳ್ಳಾಗಡ್ಡಿ ವಾಸನೆ ಇದೆ. ಅತ್ತೆ ಒಗೆಯಲು ಬಿಡುವುದಿಲ್ಲ.

ಆಗಸ್ಟ್ ೧೫, ಗುರುವಾರ. ಶಹಾಪುರ

ಇಲ್ಲಿನ ಒಂದು ಶಾಲೆಯವರು ಕರೆದು ಶಾಲು ಹೊದಿಸಿದರು. ಆರು ಸಾವಿರ ಮೀಟರ್ ದಾಟಿದ ನಮ್ಮ ಭಾಗದ ಹೆಣ್ಣುಮಗಳು ಎಂದು ಮೈಕಿನಲ್ಲಿ ಕೂಗಿದರು. ಮೊದಲು ಮುಜುಗರವಾಯಿತು. ಆಮೇಲೆ ಮಕ್ಕಳು ಚಪ್ಪಾಳೆ ತಟ್ಟಿದಾಗ, ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಮೈದಾನದಿಂದ ಮಲಗಿದ ಬುದ್ಧನ ಗುಡ್ಡ ಕಾಣುತ್ತದೆ. ಮಕ್ಕಳಿಗೆ ಅದನ್ನೇ ತೋರಿಸಿ, ಅಂಥ ಹದಿನೈದು ಇಪ್ಪತ್ತು ಗುಡ್ಡ ಒಂದರ ಮೇಲೊಂದು ಇಟ್ಟಷ್ಟು ಎತ್ತರ ಎಂದು ಹೇಳಿದೆ.

ಕಹಕಶಾ ಎಂಬ ಪುಟ್ಟ ಹುಡುಗಿ ಎದ್ದು ನಿಂತು, ‘ಮಿಸ್, ನಿಮ್ಮ್ ಮನ್ಯವ್ರು ಯಾಕ ಮ್ಯಾಲ ಬರ್ಲಿಲ್ರಿ?’ ಎಂದಳು. ಮೇಷ್ಟ್ರು ಅವಳನ್ನು ಗದರಿಸಿದರು. ನಾನು ಪರವಾಗಿಲ್ಲ ಎಂದು ಉತ್ತರ ಕೊಟ್ಟೆ. ಅವರಿಗೆ ಮೈ ಸರಿಯಿರಲಿಲ್ಲ, ನೀನು ಹತ್ತಲೇಬೇಕು ಎಂದು ಅವರೇ ನನ್ನನ್ನು ಕಳಿಸಿಕೊಟ್ಟರು ಎಂದೆ. ಹಲವರು ಕಣ್ಣೊರೆಸಿಕೊಂಡರು. ಮರಿಲಿಂಗ ಮಾತನಾಡುವ ಸ್ಥಿತಿಯಲ್ಲಿದ್ದಿದ್ದರೆ ಹಾಗೆಯೇ ಹೇಳುತ್ತಿದ್ದ. ನನಗೆ ಅವನು ಗೊತ್ತು.

ಆಟೋಟದ ಮಿಸ್ ಆಗಿ ಬರುತ್ತೀರಾ ಎಂದು ಕೇಳಿದ್ದಾರೆ. ಬಸ್ಸಿನಲ್ಲಿ ಹೋಗಿಬಂದು ಮಾಡಬಹುದು.

ನವೆಂಬರ್ ೨೪, ಭಾನುವಾರ. ಸುರಪುರ

ಸ್ಟಾಂಜಿನ್‌ನ ಗೈಡ್ ಪರವಾನಗಿ ರದ್ದಾಗಿದೆಯಂತೆ. ಈಗ ರಸ್ತೆ ಕೆಲಸದಲ್ಲಿ ಕಲ್ಲು ಹೊರುತ್ತಿದ್ದಾನಂತೆ. ಅವನ ದನಿಯಲ್ಲೇ ಸಂದೇಶ ಬಂದಿತ್ತು. ‘ಅಕ್ಕ, ನಿಮ್ಮ ಮೇಲೆ ಸಿಟ್ಟಿಲ್ಲ. ಅವತ್ತು ಸಂಜೆ ನಾನು ಏನು ಕೇಳಿದೆ, ನೀವು ಏನು ಹೇಳಿದಿರಿ, ಅದೊಂದನ್ನು ಅವರಿಗೆ ತಿಳಿಸಿ. ನನ್ನ ಮಗಳು ಶಾಲೆಗೆ ಹೋಗಬೇಕು.’

ಅವನು ಆ ಸಂಜೆ ಡೇರೆಯೊಳಗೆ ಬಂದು ಒಮ್ಮೆ ನೋಡಿದ್ದರೆ ಏನಾಗುತ್ತಿತ್ತು? ಗೈಡು ಯಾರು, ನಾನೋ ಅವನೋ? ಹೊರಗೆ ನಿಂತು ಕೇಳಿಹೋದ. ಮಲಗಿದ್ದವನನ್ನು ಎಳೆದ. ಇಷ್ಟನ್ನೆಲ್ಲ ಮಾಡಿ ನನಗೆ ಸಂದೇಶ ಕಳಿಸುತ್ತಾನೆ. ಅಳಿಸಿಹಾಕಿದೆ.

ಅತ್ತೆ ಜೋಳದ ರೊಟ್ಟಿ ಬಡಿದು ಕಾಯುತ್ತಿದ್ದಾರೆ. ಈ ಮನೆಯಲ್ಲಿ ಮಗನಿಗಿಂತ ಹೆಚ್ಚು ನನ್ನನ್ನು ನೋಡಿಕೊಳ್ಳುತ್ತಾರೆ.

ಮಾರ್ಚ್ ೯, ೨೦೨೫, ಭಾನುವಾರ

ಬರೆಯುವಂಥದ್ದೇನೂ ಇಲ್ಲ. ಕಕ್ಕೇರಾದ ಶಾಲೆಯವರೂ ಭಾಷಣಕ್ಕೆ ಕರೆದಿದ್ದರು. ಈಗ ಕತೆ ಸಲೀಸಾಗಿ ಬರುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬುದೂ ಗೊತ್ತು. ಸ್ವಲ್ಪ ತಲೆನೋವಿದ್ದವನನ್ನು ಗೈಡು ಎಳೆದಾಡಿದ ಎನ್ನುವಾಗ ನಾನೇ ಕಣ್ಣೊರೆಸಿಕೊಳ್ಳುತ್ತೇನೆ. ಬಿಸಿಲು ಶುರುವಾಗಿದೆ.

ಮೇ ೭, ೨೦೨೫, ಬುಧವಾರ. ಯಾದಗಿರಿ

ನಿನ್ನೆ ಮಧ್ಯಾಹ್ನ ಅತ್ತೆ ನಲ್ಲಿಯಿಂದ ನೀರು ತಂದು ಕೊಡ ಇಳಿಸಿ, ತಲೆ ಸಿಡೀತದ ಎಂದು ಕೂತರು. ಅಂಗಳದಲ್ಲೇ ವಾಂತಿ ಮಾಡಿಕೊಂಡರು. ಊಟಕ್ಕೆ ಬಂದಿದ್ದ ದೇವಿಂದ್ರಪ್ಪ ಓಡಿಬಂದರು. ‘ಬಿಸಿಲು ಹತ್ತ್ಯದ. ಒಳಗ ಮಲಗಸ್ರಿ, ಉಳ್ಳಾಗಡ್ಡಿ ಜಜ್ಜ್ರಿ.’

‘ಹೂಂ, ಮಲಗಸು’ ಎಂದರು ಅತ್ತೆಯೂ. ನಾಲಿಗೆ ತೊದಲುತ್ತಿತ್ತು. ನಾನು ಉಳ್ಳಾಗಡ್ಡಿ ತರಲು ಎದ್ದೆ. ಅಷ್ಟರಲ್ಲಿ ಒಳಗೆ ಹೋಗಬೇಕೆಂದು ಅತ್ತೆ ಚಪ್ಪಲಿಗೆ ಕೈ ಚಾಚಿದರು. ಚಪ್ಪಲಿ ಎತ್ತಿ ಬೆರಳುಗಳಿಗೆ ಹಾಕಿಕೊಳ್ಳತೊಡಗಿದರು. ಒಂದೇ ಸಮನೆ, ಬಹಳ ಲಕ್ಷ್ಯಗೊಟ್ಟು, ಕೈಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಆಮೇಲಿನದು ಸರಿಯಾಗಿ ನೆನಪಿಲ್ಲ. ಅತ್ತೆಯನ್ನು ಬೆನ್ನ ಮೇಲೆ ಹಾಕಿಕೊಂಡಿದ್ದೆ. ನಮ್ಮ ಓಣಿ ಗುಡ್ಡದ ಮೈಗೆ ಅಂಟಿಕೊಂಡಿದೆ, ಆಟೋ ಮೇಲೆ ಬರುವುದಿಲ್ಲ, ರಸ್ತೆಗೆ ಇಳಿಯಲು ಮೆಟ್ಟಿಲೇ ಗತಿ. ದೇವಿಂದ್ರಪ್ಪ ಅಡ್ಡ ಬಂದರು. ‘ಏ, ತಲಿ ಕೆಟ್ಟದೇನ ನಿನಗ? ಈ ಬಿಸಿಲಾಗ ಯಾಕ ಎಳದಾಡ್ತಿ? ಮಲಗಲಿ ಆಕಿ!’ ನಾನು ಅವರನ್ನು ತಳ್ಳಿದೆ. ಅವರು ಗೋಡೆಗೆ ಹೋಗಿ ಬಿದ್ದರು. ‘ಮಲಗಿದ್ರ ಸಾಯ್ತಾರ! ಮಲಗಿದ್ರ ಸಾಯ್ತಾರ!’ ಎಂದು ನಾನು ಓಣಿಯುದ್ದಕ್ಕೂ ಚೀರುತ್ತಿದ್ದೆನಂತೆ. ಕೆಳಗೆ ಯಾಕೂಬಸಾಬರ ಆಟೋ ಸಿಕ್ಕಿತು. ಸುರಪುರದಲ್ಲಿ ಪರೀಕ್ಷೆ ಮಾಡಿ ಕೂಡಲೇ ಯಾದಗಿರಿಗೆ ಕಳಿಸಿದರು.

ತಲೆಯೊಳಗೆ ರಕ್ತ ಕಟ್ಟಿತ್ತು. ಆಪರೇಷನ್ ಆಗಿದೆ. ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ಡಾಕ್ಟರು. ದೇವಿಂದ್ರಪ್ಪ ಅದನ್ನು ಕೇಳಿಸಿಕೊಂಡರು, ನನ್ನ ಮುಖ ನೋಡಲಿಲ್ಲ.

ಯಾಕೆ ಹಾಗೆ ಓಡಿದೆನೋ. ಅಷ್ಟು ಶಕ್ತಿ ಎಲ್ಲಿಂದ ಬಂತೋ.

ಮೇ ೧೧, ಭಾನುವಾರ. ಯಾದಗಿರಿ

ಅತ್ತೆಗೆ ಪೂರ್ತಿ ಎಚ್ಚರವಿದೆ. ಮಾತು ನಿಧಾನ, ಆದರೆ ಸ್ಪಷ್ಟ. ಬೆಳಗಿನಿಂದ ನನ್ನ ಕೈಯನ್ನು ಹಿಡಿದೇ ಮಲಗಿದ್ದರು. ಮಧ್ಯಾಹ್ನ ವಾರ್ಡಿನಲ್ಲಿ ಗದ್ದಲ ಕಡಿಮೆಯಾದಾಗ ಕೇಳಿದರು.

‘ಡಾಕ್ಟರ್ ಏನಂದಾನ?’

‘ತಡಾ ಆಗಿದ್ರ ಕಷ್ಟ ಇತ್ತು ಅಂದ್ರು.’

‘ನಾ ಮಲಗಸು ಅಂದಿದ್ನಲ್ಲ.’

‘ಅಂದ್ರಿ.’

‘ದೇವಿಂದ್ರನೂ ಅಂದ.’

‘ಹೂಂ.’

‘ನೀ ಕೇಳ್ಲಿಲ್ಲ.’

ಅವರು ಕಣ್ಣು ಮುಚ್ಚಿಕೊಂಡರು. ಮಲಗಿದರೇನೋ ಎಂದುಕೊಂಡೆ.

‘ಹಂಗಾದ್ರ ಆ ಹುಡ್ಗ’ ಎಂದರು. ‘ನಮ್ ಮರ್ಯಾನ್ನ ಎಳ್ಕೊಂಡು ತೆಳಗ ಬಂದವ. ಅಂವ ಬರೋಬ್ಬರಿನೇ ಮಾಡ್ಯಾನಲ್ಲ?’

‘ಹೌದ್ರಿ ಅತ್ತಿ’ ಎಂದೆ.

‘ಅಂವ ನಿನಗ ಕೇಳಿದ್ನೇನ, ಇವನಿಗಿ ಹ್ಯಾಂಗದ ಅಂತ?’

‘ಕೇಳಿದ್ದ.’

‘ನೀ ಏನಂದಿ?’

‘ಏನೂ ಇಲ್ಲ ಅಂದೆ.’

ನನ್ನ ಕೈಯ ಮೇಲಿದ್ದ ಅವರ ಬೆರಳುಗಳು ಅಲುಗಾಡಲಿಲ್ಲ. ಒಂದು ಹೊಸ ಕಣ್ಣು, ಒಂದು ಹಳೆಯ ಕಣ್ಣು, ಎರಡನ್ನೂ ತಿರುಗಿಸಿ ನನ್ನನ್ನೇ ನೋಡಿದರು.

‘ಅವನಿಗಿ ಮಲಗಿಸಿ ನೀ ಎಲ್ಲಿಗಿ ಹೋಗಿದ್ದಿ?’

ಹತ್ತು ತಿಂಗಳಿಂದ ಎಲ್ಲರೂ ನನ್ನನ್ನು ಹೇಗೆ ಹತ್ತಿದಿರಿ, ಎಷ್ಟು ಚಳಿಯಿತ್ತು, ತುದಿಯಿಂದ ಏನು ಕಂಡಿತು ಎಂದು ಕೇಳಿದ್ದಾರೆ. ಇದನ್ನು ಯಾರೂ ಕೇಳಿರಲಿಲ್ಲ. ಅವನೇ ಕಳಿಸಿದ ಎನ್ನಲು ಬಾಯಿ ತೆರೆದೆ. ಅಷ್ಟು ಊರುಗಳಲ್ಲಿ ಸಲೀಸಾಗಿ ಬಂದ ಮಾತು ಅಲ್ಲಿ ಹೊರಡಲಿಲ್ಲ.

‘ಮ್ಯಾಲ’ ಎಂದೆ.

ಅತ್ತೆ ನನ್ನ ಕೈ ಬಿಟ್ಟರು. ನಿಧಾನವಾಗಿ, ನೋವಾಗದಂತೆ ತಲೆ ಹಿಡಿದುಕೊಂಡು ಗೋಡೆಯ ಕಡೆಗೆ ಹೊರಳಿದರು. ನಾನು ಕೂತೇ ಇದ್ದೆ. ಕಿಟಕಿಯಿಂದ ಬಿಸಿಲು ಮಂಚದವರೆಗೆ ಬಂದಾಗ ಎದ್ದು ಪರದೆ ಎಳೆದೆ, ನೀರು ಕೊಡಲೇನ್ರಿ ಎಂದು ಕೇಳಿದೆ.

‘ಆರಾಮ ಅದೀನಿ’ ಎಂದರು.